ತಲೆಕಟ್ಟಿನ ನಡುಕ

ಹುಮನಾಬಾದಿನ ನಮ್ಮ ಗುರಮ್ಮತ್ತೆಯ ಪಡಸಾಲೆಯಲ್ಲಿ, ಹಿಂದಕ್ಕೆ ಹೊಟ್ಟೆ ಬಿಟ್ಟ ಹಳೆಯ ಟಿವಿಯೊಂದಿದೆ; ಅದರ ತಲೆಯ ಮೇಲೆ ಅತ್ತೆಯೇ ಕ್ರೋಶಾ ಕಡ್ಡಿಯಿಂದ ಹೆಣೆದ, ಅಂಚಿನಲ್ಲಿ ಹಸಿರು ಗಿಳಿಗಳಿರುವ ಬಿಳಿಯ ಹೊದಿಕೆ. ನಿಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಅಂಥದ್ದೊಂದು ಇದ್ದೀತು, ನೆನಪು ಮಾಡಿಕೊಳ್ಳಿ. ಟಿವಿ ಹಚ್ಚಿದಾಗ ಹೊದಿಕೆ ಮೇಲಕ್ಕೆ ಮಡಚಿಕೊಳ್ಳಬೇಕು, ಆರಿಸಿದ ಮೇಲೆ ಗಾಜಿನ ಮುಖದ ಮೇಲೆ ಇಳಿಯಬೇಕು. ಹೋದ ಚಳಿಗಾಲದಲ್ಲಿ ಹದಿನೈದು ದಿನ ಅದು ಇಳಿದದ್ದು ಇಳಿದೇ ಇತ್ತು. ಕಾರಣ ನಾನು.

ಅತ್ತೆಗೆ ಪುಸ್ತಕದ ಸಣ್ಣ ಅಕ್ಷರ ಓದಲಾಗುತ್ತಿರಲಿಲ್ಲ. ಬಸವಕಲ್ಯಾಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನಾನು, ಅಲ್ಲಿ ಮೂಲೆ ಸೇರಿದ್ದ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಅದನ್ನು ತಂದು ಈ ಟಿವಿಗೆ ತಂತಿ ಜೋಡಿಸಿ, ವಚನಗಳು ದಪ್ಪ ದಪ್ಪ ಅಕ್ಷರಗಳಲ್ಲಿ ಮೂಡುವಂತೆ ಮಾಡಿಕೊಟ್ಟೆ. ಮೊದಲ ದಿನವೇ ಅತ್ತೆ ಹುಬ್ಬು ಗಂಟಿಕ್ಕಿದರು.

"ತಮ್ಮಾ, ಅಕ್ಷರ ನಡಗಾಕತ್ತಾವಲ್ಲೋ."

ನಾನು ನೋಡಿದೆ. ಅತ್ತೆಯ ಸೊಸೆ ಮಹಾದೇವಿಯೂ ನೋಡಿದಳು. ನಮಗೇನೂ ಕಾಣಲಿಲ್ಲ.

"ಅಕ್ಷರ ಅಲ್ರಿ ಅತ್ತಿ, ನಿಮ್ಮ ಚಷ್ಮಾ ನಡಗಾಕತ್ತದ!" ಎಂದಳು ಮಹಾದೇವಿ. ಎಲ್ಲರೂ ನಕ್ಕೆವು, ಅತ್ತೆ ತುಸು ತಡವಾಗಿ ನಕ್ಕರು. ಕಣ್ಣಿನ ಡಾಕ್ಟರ ಬಳಿಗೂ ನಾನೇ ಕರೆದೊಯ್ದೆ. ಕಣ್ಣುಗಳು ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇವೆ ಎಂದರು ಅವರು. ಆದರೆ ಡಾಕ್ಟರು ಆಡಿದ್ದು ಒಂದೇ ದಿನ, ಅಕ್ಷರಗಳು ನಡುಗುತ್ತಿದ್ದುದು ದಿನಾಲೂ. ಅತ್ತೆ ಅಕ್ಷರಗಳನ್ನೇ ನಂಬಿದರು, ಹೊದಿಕೆ ಇಳಿಬಿಟ್ಟರು.

ಆಮೇಲೊಂದು ದಿನ ಮಹಾದೇವಿಯ ಫೋನು ಬಂತು. "ಅಣ್ಣಾರ, ನಗೋ ಮಾತಲ್ರಿ ಇದು. ಅತ್ತಿ ಲಿಂಗಪೂಜಿ ಕಣ್ಣು ಮುಚ್ಚಿ ಮಾಡಾಕತ್ತಾರ್ರಿ."

ಬುದ್ಧಿ ಬಂದಾಗಿನಿಂದ ಅತ್ತೆ ಪ್ರತಿ ಬೆಳಿಗ್ಗೆ ಎಡ ಅಂಗೈಯ ಮೇಲೆ ಇಷ್ಟಲಿಂಗವಿಟ್ಟು, ರೆಪ್ಪೆ ಮಿಟುಕಿಸದೆ, ಒಲೆಯ ಮೇಲಿನ ಹಾಲು ಉಕ್ಕಿದರೂ ಅಲುಗದೆ ನೋಡುತ್ತ ಕೂತವರು. ಆ ನೋಟವೇ ಕೆಟ್ಟಿತೆಂದು ಅವರಿಗೆ ಅಂಜಿಕೆ. ಟಿವಿಯ ಅಕ್ಷರದಂತೆ ಲಿಂಗವೂ ನಡುಗಿಬಿಟ್ಟರೆ? ಅದಕ್ಕೇ ಕಣ್ಣು ಮುಚ್ಚಿದ್ದರು.

ಅಂಗಡಿಗೆ ಬೀಗ ಜಡಿದು ಬಸ್ಸು ಹತ್ತಿದೆ. ಕಾರ್ಖಾನೆಗಳ ಔಷಧಿ ವಾಸನೆ ಮೂಗಿಗೆ ಬಡಿದಾಗಲೇ ಹುಮನಾಬಾದ್ ಬಂದದ್ದು ತಿಳಿದದ್ದು. ಮನೆಗೆ ಹೋದವನೇ ಟಿವಿ ಹಚ್ಚಿ, ಎರಡು ವಾರದ ಹಿಂದೆಯೇ ಕೇಳಬೇಕಾಗಿದ್ದ ಮಾತನ್ನು ಕೇಳಿದೆ: "ಅತ್ತಿ, ಎಲ್ಲಿ ನಡಗತದ, ಬೊಟ್ಟಿಟ್ಟು ತೋರಸ್ರಿ."

ಅತ್ತೆ ಗಾಜಿನ ಮೇಲೆ ಬೆರಳಿಟ್ಟರು. "ಇಲ್ಲಿ ನೋಡು. ಅಕ್ಷರದ ಮೈ ನಿಂತದ. ತಲಿ ಅಷ್ಟ ನಡಗತದ."

ತಲೆಕಟ್ಟು! ಕಣ್ಣು ಕೆಟ್ಟಿದ್ದರೆ ಇಡೀ ಅಕ್ಷರವೇ ಅಲುಗಬೇಕಿತ್ತಲ್ಲವೇ? ನೋಡಿ, ಈ ಹಳೆಯ ಟಿವಿ ಒಂದು ಚಿತ್ರವನ್ನು ಒಮ್ಮೆಲೇ ಬರೆಯುವುದಿಲ್ಲ. ಬೆಸ ಗೆರೆಗಳನ್ನೊಮ್ಮೆ, ಸಮ ಗೆರೆಗಳನ್ನೊಮ್ಮೆ ಎಳೆದು, ಉಳಿದದ್ದನ್ನು ನಮ್ಮ ಕಣ್ಣಿನ ಔದಾರ್ಯಕ್ಕೆ ಬಿಡುತ್ತದೆ. ಓಡುವ ಚಿತ್ರದಲ್ಲಿ ಈ ಮೋಸ ಗೊತ್ತಾಗದು. ಆದರೆ ನಿಂತ ಅಕ್ಷರದ ತಲೆಕಟ್ಟಿನಂಥ ತೆಳುವಾದ ಅಡ್ಡಗೆರೆ ಒಂದು ಸರದಿಯಲ್ಲಿ ಮೂಡಿ, ಮುಂದಿನ ಸರದಿಯಲ್ಲಿ ಮಾಯವಾಗುತ್ತದೆ. ಹೆಚ್ಚು ಗೆರೆಯಿದ್ದರೆ ಹೆಚ್ಚು ಚಂದವೆಂಬ ಆಸೆಯಿಂದ ನಾಲ್ಕುನೂರಾ ಎಂಬತ್ತು ಗೆರೆಗಳ ಆ ಸರದಿ ಪದ್ಧತಿಯನ್ನು ಆರಿಸಿದವನು ನಾನೇ. ಅವಸರದಲ್ಲಿ ನೋಡುವ ನಮಗೆ ಅದು ಕಾಣಲಿಲ್ಲ. ಸ್ಥಿರವಾಗಿ ನೋಡಬಲ್ಲವರಿಗೆ ಕಂಡಿತು. ಕಂಡವರ ಕಣ್ಣನ್ನೇ ನಾವು ಅನುಮಾನಿಸಿದೆವು.

ಗೆರೆ ಎಳೆಯುವ ವೇಗ ಟಿವಿಯ ಹುಟ್ಟುಗುಣ, ಅದನ್ನು ಹೆಚ್ಚಿಸಲು ಬಾರದು. ಗೆರೆಗಳನ್ನು ಅರ್ಧಕ್ಕಿಳಿಸಿ, ಉಳಿದ ಇನ್ನೂರಾ ನಲವತ್ತನ್ನೂ ಸರದಿಯಿಲ್ಲದೆ ಸೆಕೆಂಡಿಗೆ ಅರವತ್ತು ಸಲ ತಪ್ಪದೆ ಎಳೆಯುವಂತೆ ಲಿನಕ್ಸಿಗೆ ಅಂಕಿಗಳ ಒಂದು ಸಾಲು ಬರೆದುಕೊಟ್ಟೆ. ಒಂದು ಅಂಕಿ ತಪ್ಪಿತು. ವಚನವೆಲ್ಲ ಕೆಳಗಿನಿಂದ ಮೇಲಕ್ಕೆ ಉರುಳತೊಡಗಿತು.

"ಮೊದಲ ನಡಗತಿದ್ವು, ಈಗ ಓಡಾಕತ್ತಾವ! ಹಿಡಿಯೋ ತಮ್ಮಾ!" ಎಂದರು ಅತ್ತೆ.

ಅಂಕಿ ತಿದ್ದಿದೆ. ಉರುಳಾಟ ನಿಂತಿತು. ಅಕ್ಷರಗಳು ಸ್ವಲ್ಪ ಒರಟಾಗಿದ್ದವು, ಗೆರೆಗಳ ನಡುವೆ ಕಪ್ಪು ಸಂದುಗಳು ಕಾಣುತ್ತಿದ್ದವು. ಆದರೆ ತಲೆಕಟ್ಟುಗಳು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿದ್ದವು. ಅತ್ತೆ ನೋಡಿದರು, ಬಹಳ ಹೊತ್ತು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಹಂಗಾರ ನನ್ನ ಕಣ್ಣು ಚಲೋ ಅವೇನು?"

"ನಮ್ಮೆಲ್ಲರ ಕಣ್ಣಿಗಿಂತ ಚಲೋ ಅವ್ರಿ ಅತ್ತಿ. ತಪ್ಪು ನಂದು."

"ಮತ್ತ ಈ ಮಹಾದೇವಿಗೇ ಚಷ್ಮಾ ಮಾಡಸ್ರಿ" ಎಂದು ಅತ್ತೆ ನಕ್ಕರು. ಈ ಸಲ ಎಲ್ಲರಿಗಿಂತ ಮೊದಲು.

ಅಂದು ಅಲ್ಲೇ ಉಳಿದೆ. ಬೆಳಿಗ್ಗೆ ಚಹಾದ ಬಟ್ಟಲು ಹಿಡಿದು ಪಡಸಾಲೆಗೆ ಬಂದರೆ, ಗಿಳಿಗಳ ಹೊದಿಕೆ ಮಡಚಿಕೊಂಡು ಟಿವಿಯ ತಲೆಯ ಮೇಲೆ ಕೂತಿತ್ತು, ತಲೆಕಟ್ಟಿನ ಹಾಗೆ, ಒಂದಿಷ್ಟೂ ಅಲುಗದೆ. ಅದರ ಪಕ್ಕದಲ್ಲಿ, ಹಣೆತುಂಬ ವಿಭೂತಿ ಧರಿಸಿ ಅಂಗೈ ಎತ್ತಿ ಕೂತಿದ್ದ ಅತ್ತೆಯ ಕಣ್ಣುಗಳು ತೆರೆದಿದ್ದವು.