ಮೋಟೆಬೆನ್ನೂರಿನಲ್ಲಿ ಇಳಿದುಹೋದವರು

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಸತ್ತವರು ಬಾಗಿಲಿಗೆ ಬಂದು ನೀರು ಕೇಳಿದ ಕತೆಯನ್ನು ನಮ್ಮ ಚಿಕ್ಕಮ್ಮ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, "ಯಾವ ಚರಗಿಯೊಳಗ ನೀರ ಕೊಟ್ರಿ? ಆ ಚರಗಿ ಈಗ ಎಲ್ಲೈತಿ?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. ನನ್ನ ಉದ್ಯೋಗವೂ ಅಂಥದ್ದೇ. ಕಾರ್ಖಾನೆಗಳ ಉಗಿ ಪೈಪುಗಳಿಗೆ ಎಲ್ಲೆಲ್ಲಿ ಆಸರೆ ಕೊಡಬೇಕು, ಕಾದಾಗ ಅವು ಎಷ್ಟು ಸರಿಯುತ್ತವೆ, ಆಗ ಒತ್ತಡ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುವುದು. ಕಾರಣವಿಲ್ಲದೆ ಯಾವುದೂ ಅಲುಗಾಡುವುದಿಲ್ಲ ಎಂದು ನಂಬಿದವನು ಮಾತ್ರ ಈ ಕೆಲಸ ಮಾಡಬಲ್ಲ. ಅಂಥ ನಾನೇ ಈಗ ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದ ಆರಂಭದ ಮಾತು. ಬ್ಯಾಡಗಿಯಲ್ಲಿ ವಿರೂಪಾಕ್ಷಪ್ಪನವರೆಂಬ ವ್ಯಾಪಾರಸ್ಥರು ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆ ಕಟ್ಟಿಸಿದ್ದರು. ಬಾಯ್ಲರಿನಿಂದ ಆಚೆಯ ಶೆಡ್ಡಿನವರೆಗೆ ಉಗಿ ಒಯ್ಯುವ ಪೈಪಿನ ಲೆಕ್ಕ ನನ್ನದು. ನಮ್ಮ ಕಚೇರಿ ಹುಬ್ಬಳ್ಳಿಯಲ್ಲಿತ್ತು. ನಾನು ಹಾವೇರಿಯ ಒಂದು ಲಾಡ್ಜಿನಲ್ಲಿ ಉಳಿದುಕೊಂಡು ದಿನಾ ಬಸ್ಸಿಗೆ ಬ್ಯಾಡಗಿಗೆ ಹೋಗಿಬಂದು ಮಾಡುತ್ತಿದ್ದೆ.

ಪೈಪು ಕೂಡಿಸುವ ಕೆಲಸ ಫಿಟ್ಟರ್ ದಸ್ತಗೀರಸಾಬರದು. ಬ್ಯಾಡಗಿಯವರೇ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಬಾಯಿಗೆ ಬಿಡುವು ಎಂಬುದೇ ಇಲ್ಲದ ಮನುಷ್ಯ. ಪೈಪು ಸರಾಗವಾಗಿ ಜಾರಲೆಂದು ಅದರ ಅಡಿಗೆ ಕಬ್ಬಿಣದ ತುಂಡೊಂದನ್ನು ಬೆಸೆಯುತ್ತೇವೆ. ಅದಕ್ಕೆ ನಮ್ಮಲ್ಲಿ ಶೂ ಎನ್ನುತ್ತಾರೆ. "ಪೈಪಿಗೆ ಬೂಟ ಹಾಕಿಸಿದ್ರಿ. ಇನ್ನ ಪಾಟೀ ಚೀಲಾ ಕೊಟ್ಟು ಸಾಲಿಗೆ ಹಚ್ಚೂದೊಂದ ಬಾಕಿ ನೋಡ್ರಿ ಸಾಹೇಬ್ರ," ಎಂದು ಏಣಿಯ ಮೇಲಿನಿಂದಲೇ ಕೂಗುತ್ತಿದ್ದರು. ಬೆಳ್ಳಿ ಬಣ್ಣ ಬಳಿಯುವ ದಿನಗಳಲ್ಲಂತೂ ಅವರ ಕೈ, ಅಂಗಿ, ಗಡ್ಡ ಎಲ್ಲ ಪೈಪಿನ ಹಾಗೇ ಹೊಳೆಯುತ್ತಿದ್ದವು.

ಮುಂದಿನದು ತಿಳಿಯಬೇಕಾದರೆ ಒಂದು ಮಾತು ಗೊತ್ತಿರಬೇಕು. ಉಗಿ ಹೊಕ್ಕ ಪೈಪು ಉದ್ದವಾಗುತ್ತದೆ. ಬಾಯ್ಲರಿನಿಂದ ಹೊರಟ ನಮ್ಮ ಪೈಪು ಗೋದಾಮಿನ ಗೋಡೆಯ ತೂತಿನೊಳಗೆ ಹಾದು ಆಚೆ ಹೋಗುತ್ತಿತ್ತು. ಅಲ್ಲಿ ಅದನ್ನು ಬೇಕೆಂದೇ ದೊಡ್ಡದಾಗಿ ಬಾಗಿಸಿದ್ದೆವು. ಹಿಗ್ಗಿದ್ದೆಲ್ಲ ಆ ಬಾಗಿನೊಳಗೆ ಇಂಗಬೇಕು, ಅದಕ್ಕೆ. ಗೋಡೆಯ ತೂತಿನಲ್ಲಿ ಪೈಪಿನ ಸುತ್ತ ಜಾಗ ಬಿಟ್ಟಿದ್ದೂ ಅದಕ್ಕೇ. ಅಲ್ಲಿ ಅದು ಸಿಕ್ಕಿಕೊಂಡರೆ, ಹಿಗ್ಗಲು ದಾರಿ ಕಾಣದೆ ಹಿಂದಕ್ಕೆ ಒತ್ತುತ್ತದೆ. ಹಿಂದಿರುವುದು ಬಾಯ್ಲರಿನ ಬೀಡುಕಬ್ಬಿಣದ ವಾಲ್ವು. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ವಾಲ್ವು ತಿರುಗಿಸುವವನು ಅದರ ಪಕ್ಕದಲ್ಲೇ ನಿಂತಿರುತ್ತಾನೆ.

ಶುಕ್ರವಾರ ಪೂಜೆ, ಅಂದೇ ಮೊದಲ ಉಗಿ ಎಂದು ನಿಶ್ಚಯವಾಯಿತು. ಗುರುವಾರ ಮಧ್ಯಾಹ್ನ ನಾನು ಪೈಪಿನುದ್ದಕ್ಕೂ ನಡೆದು ಒಂದೊಂದು ಆಸರೆಯನ್ನೂ ಮುಟ್ಟಿ ನೋಡಿದೆ. ಎಲ್ಲ ಸರಿಯಾಗಿತ್ತು. ಕಚೇರಿಯಿಂದ ಬುಲಾವು ಬಂದಿದ್ದರಿಂದ ಪೂಜೆಗೆ ನಿಲ್ಲುವಂತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಚಹಾ ಕುಡಿದು ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಒಳ್ಳೆಯ ಬಿಸಿಲು, ತುಂಬ ಜನ. ಕತ್ತಲು, ಗಾಳಿ, ನಾಯಿ ಊಳಿಡುವುದು ಯಾವುದೂ ಇರಲಿಲ್ಲ.

ಆಗ ದಸ್ತಗೀರಸಾಬರು ನನ್ನೆದುರು ಬಂದು ನಿಂತರು. ಕೆಲಸದ ಅಂಗಿಯಲ್ಲೇ ಇದ್ದರು, ಮೈಮೇಲೆ ಬೆಳ್ಳಿ ಬಣ್ಣ.

"ಸಾಹೇಬ್ರ, ಪೈಪ ಗ್ವಾಡ್ಯಾಗ ಸಿಕ್ಕೊಂಡೈತ್ರಿ. ಲಗೂ ಬರ್ರಿ," ಎಂದರು.

"ನಿನ್ನಿ ನಾನ ನೋಡೀನಲ್ರಿ, ಸಡಿಲಿತ್ತು," ಎಂದೆ.

"ನೀವ ಬರಬೇಕ್ರಿ. ನನ್ನ ಮಾತು ಯಾರೂ ಕೇಳಂಗಿಲ್ಲ."

ಇಷ್ಟೇ. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಬ್ಯಾಡಗಿ ಬಸ್ಸು ಹೊರಡುತ್ತಿತ್ತು, ಇಬ್ಬರೂ ಹತ್ತಿದೆವು. ಇಬ್ಬರ ಟಿಕೆಟ್ಟನ್ನೂ ನಾನೇ ತೆಗೆಸಿದೆ. ಅವರು ಕಿಟಕಿಯ ಪಕ್ಕ ಕುಳಿತು ಮಾತೇ ಆಡಲಿಲ್ಲ. ಯಾರು ಏನು ಮಾಡಿದರೆಂದು ಎರಡು ಸಲ ಕೇಳಿದೆ. ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ಗಾಬರಿಯಾಗಿರಬೇಕೆಂದು ಮತ್ತೆ ಕೇಳಲಿಲ್ಲ. ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಾಗ ಎದ್ದು, "ನೀವು ಮುಂದ ನಡೀರಿ, ನಾ ಹಿಂದಿಂದ ಬರತೇನಿ," ಎಂದು ಇಳಿದುಬಿಟ್ಟರು. ಇಂಥ ಹೊತ್ತಿನಲ್ಲಿ ಇವರಿಗೆ ಇಲ್ಲೇನು ಕೆಲಸ ಎಂದು ನನಗೆ ರೇಗಿಹೋಯಿತು. ಹೊರಗೆ ನೋಡಿದಾಗ ಬ್ಯಾಡಗಿಯ ರಸ್ತೆ ಹಿಡಿದು ನಡೆಯುತ್ತಿದ್ದರು. ಬಸ್ಸು ಅವರನ್ನು ದಾಟಿ ಮುಂದೆ ಹೋಯಿತು.

ಕಾರ್ಖಾನೆಯ ಗೇಟಿನಿಂದ ಬಾಯ್ಲರಿನವರೆಗೆ ಓಡಿದೆ. ಪೂಜೆ ಮುಗಿದಿತ್ತು. ಬಾಯ್ಲರಿಗೆ ಮಾಲೆ ಹಾಕಿದ್ದರು, ಬಂದವರ ಕೈಯಲ್ಲಿ ಪ್ರಸಾದವಿತ್ತು, ಉಗಿ ತುಂಬಿ ನಿಂತಿತ್ತು. ವಾಲ್ವಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ದಸ್ತಗೀರಸಾಬರು ನಿಂತಿದ್ದರು. ಒಗೆದ ಬಿಳಿ ಅಂಗಿ, ತಲೆಯ ಮೇಲೆ ಟೋಪಿ, ಸ್ವಚ್ಛವಾದ ಕೈ.

"ಕೈ ತಗೀರಿ!" ಎಂದು ಚೀರಿದೆ.

ಅವರು ನಕ್ಕರು. "ಯಾಕ್ರಿ ಸಾಹೇಬ್ರ, ಹುಬ್ಬಳ್ಳಿ ಬಸ್ಸು ತಪ್ಪತೇನ್ರಿ?"

ಆ ಕ್ಷಣ ನನಗೆ ಏನನಿಸಿತೆಂದು ಕೇಳಬೇಡಿ. ಏನೂ ಅನಿಸಲಿಲ್ಲ. ತಲೆಯ ತುಂಬ ಗೋಡೆಯೊಂದೇ ಇತ್ತು. ಗೋದಾಮಿಗೆ ಹೋಗಿ, ಘಾಟಿಗೆ ಸೀನುತ್ತ ಮೆಣಸಿನಕಾಯಿ ಚೀಲಗಳ ಮೇಲೆ ಹತ್ತಿ ನೋಡಿದೆ. ತೂತು ಇರಲೇ ಇಲ್ಲ. ಪೈಪಿನ ಸುತ್ತ ಇಟ್ಟಿಗೆಯ ಚೂರು ತುಂಬಿ, ಗಟ್ಟಿಯಾಗಿ ಸಿಮೆಂಟು ಮೆತ್ತಿ, ಮೇಲೆ ಸುಣ್ಣ ಬಳಿದಿದ್ದರು. ಕೆಳಗಿನಿಂದ ನೋಡಿದವರಿಗೆ ಬರೀ ಗೋಡೆ.

ಗೋಡೆ ಕಟ್ಟಿದ ಗೌಂಡಿ ಹನುಮಂತಪ್ಪನನ್ನು ಕರೆಸಿದೆವು. ಅವನು ಸಂಕೋಚವಿಲ್ಲದೆ ಹೇಳಿದ: "ಪೂಜಿಗೆ ಮಂದಿ ಬರ್ತಾರ, ಎಲ್ಲಾ ನೀಟ ಆಗಬೇಕು ಅಂದಿದ್ರಲ್ರಿ ಸಾವಕಾರ್ರು. ತೂತ ಕಂಡ್ರ ನನಗ ಹೆಸರ ಇಡತಾರ. ನಿನ್ನಿ ಸಂಜೀಕ ನಾನ ಒಬ್ಬಾವ್ನ ಹತ್ತಿ ಮುಚ್ಚೇನ್ರಿ." ಸಾಯಂಕಾಲ ಅವನೊಬ್ಬನೇ. ಬೇರೆ ಯಾರೂ ಕಂಡಿರಲಿಲ್ಲ. ಅವನೂ ಯಾರಿಗೂ ಹೇಳಿರಲಿಲ್ಲ; ಹೇಳುವಂಥ ವಿಷಯವೆಂದು ಅವನಿಗೆ ಅನಿಸಿರಲಿಲ್ಲ.

ಮುಹೂರ್ತ ಮೀರಿತೆಂದು ವಿರೂಪಾಕ್ಷಪ್ಪನವರು ಮುಖ ಗಂಟು ಹಾಕಿಕೊಂಡರು. ನಾನು ಜಗ್ಗಲಿಲ್ಲ. ಸಿಮೆಂಟು ಒಡೆಸಿ, ಪೈಪು ಸಡಿಲಿಸಿ, ಮಧ್ಯಾಹ್ನದ ಮೇಲೆ ಉಗಿ ಬಿಟ್ಟೆವು. ಪೈಪು ಟಿಕ್ಕು ಟಿಕ್ಕೆನ್ನುತ್ತ ತೂತಿನೊಳಗೆ ನಾಲ್ಕು ಬೆರಳು ಸರಿದು ಸುಮ್ಮನಾಯಿತು. ಅದನ್ನು ನೋಡಿದ ಮೇಲೆಯೇ ನಾನು ಚೀಲಗಳ ಮೇಲಿನಿಂದ ಇಳಿದದ್ದು.

ದಸ್ತಗೀರಸಾಬರನ್ನು ಬದಿಗೆ ಕರೆದು, ಬೆಳಿಗ್ಗೆ ಹಾವೇರಿಗೆ ಬಂದಿದ್ದಿರಾ ಎಂದು ಕೇಳಿದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಬಂದಿರಬಹುದೆಂದು. ಬೆಂಕಿ ಹಾಕಿದಾಗಿನಿಂದ ಅವರು ಬಾಯ್ಲರು ಬಿಟ್ಟು ಕದಲಿರಲಿಲ್ಲ. ಇಡೀ ಕಾರ್ಖಾನೆಯೇ ಅದಕ್ಕೆ ಸಾಕ್ಷಿ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನಿಂತಲ್ಲೇ ಕಣ್ಣು ಹತ್ತಿ ಕನಸು ಕಂಡೆನೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗುರುವಾರ ಹೊರಡುವಾಗ ಎಲ್ಲೋ ಕಲಸಿಟ್ಟ ಸಿಮೆಂಟು ಕಣ್ಣಿಗೆ ಬಿದ್ದಿರಬೇಕು, ಮನಸ್ಸು ಅದನ್ನೇ ಹಿಗ್ಗಿಸಿರಬೇಕು. ಈ ಲೆಕ್ಕ ನನಗೆ ಒಪ್ಪಿಗೆಯಾಗಿತ್ತು. ಆದರೆ ಮುಂದಿನ ವಾರ ಅದೇ ಬಸ್ಸಿನಲ್ಲಿ ಅದೇ ಕಂಡಕ್ಟರ್ ಸಿಕ್ಕ. ಅವತ್ತು ನನ್ನ ಜೊತೆ ಯಾರಾದರೂ ಇದ್ದರೇ ಎಂದು ಸುಮ್ಮನೆ ಕೇಳಿದೆ.

"ಇದ್ರಲ್ರಿ, ಮೋಟೆಬೆನ್ನೂರಾಗ ಇಳದ್ರು. ಕೈತುಂಬ ಬೆಳ್ಳಿ ಬಣ್ಣ ಹಚ್ಕೊಂಡಿದ್ರಲ್ಲ, ಸೀಟಿಗೆ ಹತ್ತೀತು ಅಂತ ನಾ ಅವರಿಗೆ ಬೈದೇನಿ, ನಿಮಗ ನೆನಪಿಲ್ಲೇನ್ರಿ?"

ಬೈದದ್ದು ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ.

ಇದನ್ನು ದಸ್ತಗೀರಸಾಬರಿಗೆ ಹೇಳಬೇಕೋ ಬೇಡವೋ ಎಂದು ಬಹಳ ಒದ್ದಾಡಿ ಕೊನೆಗೆ ಹೇಳಿದೆ. ಅವರು ಕೇಳಿದ್ದು ಒಂದೇ: ಇಳಿದವನು ಯಾವ ಕಡೆ ನಡೆದ? ಬ್ಯಾಡಗಿಯ ಕಡೆಗೆಂದೆ. "ಹಂಗಾರ ನನ್ನ ಕಡೀಗೇ ಬರಾಕತ್ತಾನ," ಎಂದರು. "ಮನ್ಯಾಗ ಗೊತ್ತಾಗೂದು ಬ್ಯಾಡ್ರಿ," ಎಂದು ಎದ್ದುಹೋದರು. ಆಮೇಲೆ ಅವರ ಮಾತು ಕಡಿಮೆಯಾಯಿತು. ಕೆಲಸದ ನಡುವೆ ಕತ್ತೆತ್ತಿ ಗೇಟಿನ ಕಡೆ ನೋಡುತ್ತಿದ್ದರು. ಅದನ್ನು ಕಂಡಾಗಲೆಲ್ಲ, ಹೇಳಬಾರದಿತ್ತು ಎಂದುಕೊಳ್ಳುತ್ತಿದ್ದೆ.

ಕೆಲವು ವರ್ಷಗಳ ನಂತರ ರಾಣೆಬೆನ್ನೂರಿನಲ್ಲಿ ಒಂದು ಎಣ್ಣೆ ಗಿರಣಿಯ ಪೈಪಿನ ಕೆಲಸ ಬಂತು. ಅಲ್ಲಿಗೂ ಅವರೇ ಫಿಟ್ಟರ್ ಆಗಿ ಬಂದಿದ್ದರು. ಗಡ್ಡ ಪೂರ್ತಿ ನೆರೆತಿತ್ತು, ಮೈಕೈ ಗಟ್ಟಿಯಾಗಿತ್ತು, ಮಗಳ ಮದುವೆಯಾಗಿತ್ತು. ಹಾವೇರಿಗೆ ಹೋಗಬೇಕಾದರೆ ಈಗ ರೈಲಿಗೇ ಹೋಗುತ್ತೇನೆ, ಮೋಟೆಬೆನ್ನೂರಿನ ರಸ್ತೆ ಹಿಡಿಯುವುದಿಲ್ಲ ಎಂದು ಅವರಾಗಿಯೇ ಹೇಳಿದರು.

"ಇನ್ನೂ ಅಂಜತೀರೇನ್ರಿ?" ಎಂದೆ.

"ಅಂಜಿಕಿ ಅಲ್ರಿ ಸಾಹೇಬ್ರ." ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟರು. "ನನ್ನ ಜೀಂವಾ ಉಳಿಸ್ಯಾನ್ರಿ ಅಂವಾ. ನಾನು ಆ ರಸ್ತಾಕ್ಕ ಒಮ್ಮೆನೂ ಎದುರಿಗಿ ಹೋಗಲಿಲ್ಲ. ಇನ್ನೂ ನಡಕೊಂತ ಬರಾಕತ್ತಿದ್ರ, ಯಾವ ಮಾರಿ ಇಟ್ಕೊಂಡು ಅವನ್ನ ನೋಡ್ಲಿರಿ?"