ಸುಹಾಸಿನಿಯ ಮೂರು ಕಂಬದ ಹಡಗು

ಸುಹಾಸಿನಿ ಸಮುದ್ರ ನೋಡಿದವಳಲ್ಲ. ನಲವತ್ತಾರು ವರ್ಷದಲ್ಲಿ ಆಕೆ ಕಂಡ ದೊಡ್ಡ ನೀರೆಂದರೆ ಹುಸೇನ್ ಸಾಗರ, ಅದೂ ಅಣ್ಣನ ಸ್ಕೂಟರಿನ ಹಿಂದೆ ಕೂತು. ಅಂಥವಳು ನಾಲ್ಕು ಅಡಿ ಉದ್ದದ ಹಾಯಿಹಡಗು ಕಟ್ಟಿದಳು ಅಂದರೆ ನಗುವವರು ನಗಲಿ. ಮೂರು ಕಂಬ, ಹದಿನೆಂಟು ಹಾಯಿ, ಹಗ್ಗಗಳೆಷ್ಟು ಅಂತ ಮಾತ್ರ ಕೇಳಬೇಡಿ. ನಕ್ಷೆ ಸಿಕ್ಕಿದ್ದು ಆಬಿಡ್ಸ್ ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ. ಕಟ್ಟಿ ಮುಗಿಸಲು ಆರು ವರ್ಷ ಹಿಡಿಯಿತು.

ಹಗ್ಗ ಕಟ್ಟುವುದು ಆಕೆಗೆ ಯಾರೂ ಕಲಿಸಬೇಕಿರಲಿಲ್ಲ. ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಯಂತ್ರಗಳ ತಂತಿಗಳನ್ನು ಮೇಣದ ದಾರದಿಂದ ಜಡೆಯ ಹಾಗೆ ಬಿಗಿಯುವುದೇ ಆಕೆಯ ಕೆಲಸ. ಬೆಂಚಿನ ಎದುರಿಗೆ ಕೂರುವವಳು ಯಾದಮ್ಮ, ತೆಲುಗಿನವಳು, ಕನ್ನಡದ ಗಂಧವಿಲ್ಲ; ಇಬ್ಬರ ಮಾತೂ ತೆಲುಗಿನಲ್ಲೇ. ಬಿಗಿದ ತಂತಿಗೆ ಕರೆಂಟು ಹರಿಸಿ ಪರೀಕ್ಷಿಸುವಾಗ ತಂತಿ ಮುಟ್ಟುವವರ ಕೈಯಲ್ಲಿ ಸ್ವಿಚ್ಚು ಇರಬಾರದು, ಎದುರಿನವರ ಕೈಯಲ್ಲಿರಬೇಕು ಎಂಬುದು ಅಲ್ಲಿನ ನಿಯಮ. ಹಾಗಾಗಿ ಇಪ್ಪತ್ತೆರಡು ವರ್ಷ ಸುಹಾಸಿನಿಯ ಜೀವ ಯಾದಮ್ಮನ ಬೆರಳ ತುದಿಯಲ್ಲಿತ್ತು, ಒಂದು ದಿನವೂ ಎಡವಟ್ಟಾಗಿರಲಿಲ್ಲ.

ಮನೆ ಲಿಂಗಂಪಲ್ಲಿಯಲ್ಲಿ, ಅಣ್ಣ ದತ್ತಾತ್ರೇಯನ ಫ್ಲಾಟು. ಮದುವೆ ನಿಶ್ಚಯವಾಗಿ ಮುರಿದ ಮೇಲೆ ಕಲಬುರಗಿಯಿಂದ ಬಂದವಳು ಅಲ್ಲೇ ಉಳಿದಳು. ಸರ್ಕಾರಿ ನೌಕರಿಯ ಈ ಅಣ್ಣ ಕೆಟ್ಟವನಾಗಿದ್ದರೆ ಜಗಳವಾಡಿ ಹೊರಬೀಳಬಹುದಿತ್ತು. ಒಳ್ಳೆಯವನು, ಅದೇ ಗ್ರಹಚಾರ! ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿಸುವವನೂ ಅವನೇ, ಸಂಜೆ ಕಾದು ನಿಲ್ಲುವವನೂ ಅವನೇ. ಯಾವ ಡಾಕ್ಟರಿಗೆ ತೋರಿಸಬೇಕು, ಯಾರ ಮದುವೆಗೆ ಹೋಗಬೇಕು, ಆಕೆಗೆ ಯಾವ ಬಣ್ಣದ ಸೀರೆ ಒಪ್ಪುತ್ತದೆ, ಎಲ್ಲ ಅವನದೇ ತೀರ್ಮಾನ. ಉಸಿರು ಕಟ್ಟುತ್ತಿದೆ ಅಂತ ಹೇಳಿಕೊಳ್ಳಲು ಒಂದು ಕಾರಣವಾದರೂ ಬೇಡವೆ? ಆ ಮನೆಯಲ್ಲಿ ಆಕೆ ಯಾರನ್ನೂ ಕೇಳದೆ ಮಾಡಿದ್ದು ಹಡಗೊಂದನ್ನೇ.

ಎರಡು ಸಾವಿರದ ಮೂರರಲ್ಲಿ ನೆಂಟರ ಹುಡುಗ ಅಮೋಲ್ ಮಾದಾಪುರದಲ್ಲಿ ಸಾಫ್ಟ್‌ವೇರ್ ಕಂಪನಿ ತೆರೆದ. ಬಾಗಿಲಲ್ಲೇ ಕಣ್ಣು ಕೋರೈಸುವಂಥದ್ದು ಏನಾದರೂ ಇಡಬೇಕೆಂದ. ದತ್ತಾತ್ರೇಯ ತಂಗಿಯನ್ನು ಒಂದು ಮಾತು ಕೇಳದೆ ಹಡಗು ಕೊಡುತ್ತೇನೆಂದು ಒಪ್ಪಿಕೊಂಡು ಬಂದ. ಗಾಜಿನ ಪೆಟ್ಟಿಗೆಯೂ ತಯಾರಾಯಿತು. ಸುಹಾಸಿನಿ ಎರಡು ದಿನ ಊಟ ಬಿಟ್ಟಳು. ಅಣ್ಣ ಕಂಗಾಲಾಗಿ ಒಂದು ಷರತ್ತಿಗೆ ಇಳಿದ. ಭಾನುವಾರ ಕೆರೆಯಲ್ಲಿ ಬಿಡು, ಹೋಗಿ ಮತ್ತೆ ದಡ ಮುಟ್ಟಿದರೆ ಅದು ಹಡಗು, ನಿನ್ನದೇ; ಮುಟ್ಟದಿದ್ದರೆ ಶೋಪೀಸು, ಅಮೋಲನದು.

ಇಂಥ ಹಡಗು ಗಾಳಿಯ ಜೊತೆ ಹೋದಷ್ಟು ಸಲೀಸಾಗಿ ಗಾಳಿಗೆದುರು ಬರುವುದಿಲ್ಲ. ಅದಕ್ಕೇ ಹೊಟ್ಟೆಯೊಳಗೆ ಪುಟ್ಟ ಮೋಟಾರು ಇಟ್ಟಿದ್ದಳು. ಹಾಯಿ, ಚುಕ್ಕಾಣಿಗಳ ರಿಮೋಟು ಆಕೆಯ ಕೈಯಲ್ಲಿ; ಮೋಟಾರಿನದು, ಕಾರ್ಖಾನೆಯ ರೂಢಿಯಂತೆ, ಯಾದಮ್ಮನ ಕೈಯಲ್ಲಿ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಅದು ಓಡುತ್ತಿತ್ತು.

ಭಾನುವಾರ ಕೆರೆಯ ದಡದಿಂದ ಹಡಗು ಹೊರಟಿತು. ಹದಿನೆಂಟು ಹಾಯಿಯೂ ಒಟ್ಟಿಗೆ ಉಬ್ಬಿದಾಗ ಸುಹಾಸಿನಿಗೆ ಅಳು ಬಂತು, ಕಣ್ಣು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಕೆರೆಯ ನಡುವೆ ತಿರುಗಿಸಿ ಹಾಯಿಗಳನ್ನು ಓರೆ ಮಾಡಿದಳು, ಯಾದಮ್ಮ ಗುಂಡಿ ಒತ್ತಿದಳು. ಅರ್ಧ ದಾರಿ ಬಂದಿತ್ತು. ಅಷ್ಟರಲ್ಲಿ ಗಾಳಿ ಜೋರಾಗಿ ಹಡಗನ್ನು ಅಂತರಗಂಗೆಯ ಕಳೆಯ ಕಡೆ ತಳ್ಳತೊಡಗಿತು. ಪಕ್ಕದಲ್ಲಿದ್ದ ಅಣ್ಣನಿಗೆ ಗಾಬರಿ. ಮೋಟಾರು ನಡೆದಿದೆಯೋ ಇಲ್ಲವೋ ಎಂದು ಕೇಳಿದ. ಕಣ್ಣು ಕೀಳದೆ ಆಕೆ ಉತ್ತರ ಕೊಟ್ಟಳು.

"ಚಾಲೂ ಐತ್ರಿ ಅಣ್ಣಾ, ಚಾಲೂ, ಚಾಲೂ."

ಯಾದಮ್ಮ ಬೆರಳು ತೆಗೆದುಬಿಟ್ಟಳು. ತೆಲುಗಿನಲ್ಲಿ ಚಾಲು ಅಂದರೆ ಸಾಕು. ಕಾರ್ಖಾನೆಯ ಬೆಂಚಿನಲ್ಲಿ ಇಪ್ಪತ್ತೆರಡು ವರ್ಷ ಸುಹಾಸಿನಿ ಚಾಲು ಅಂದಾಗಲೆಲ್ಲ ಯಾದಮ್ಮ ಸ್ವಿಚ್ಚು ಆರಿಸಿದ್ದಳು. ಅಣ್ಣ ಮಗ್ಗುಲಲ್ಲಿ ನಿಂತಿದ್ದಕ್ಕೆ ಮನೆಯ ಮಾತು ಬಾಯಿಗೆ ಬಂದಿತ್ತು, ಅಷ್ಟೇ. ಸುಹಾಸಿನಿ ಕೂಗಿ, ಯಾದಮ್ಮ ಮತ್ತೆ ಗುಂಡಿ ಒತ್ತುವ ಹೊತ್ತಿಗೆ ಮೋಟಾರಿನ ರೆಕ್ಕೆಗೆ ಬೇರು ಸುತ್ತಿಕೊಂಡು ಹಡಗು ಕಳೆಯಲ್ಲಿ ಸಿಕ್ಕಿಬಿದ್ದಿತ್ತು. ಮೀನು ಹಿಡಿಯುವವನೊಬ್ಬ ತೆಪ್ಪದಲ್ಲಿ ಹೋಗಿ ಎತ್ತಿಕೊಂಡು ಬಂದ. ಯಾದಮ್ಮ ತನ್ನ ತಪ್ಪೇನೆಂದು ತಿಳಿಯದೆ ಹಾಯಿಗಳ ನೀರು ಸೆರಗಿನಿಂದ ಒರೆಸುತ್ತ ಕೂತಳು.

ತಂಗಿಯ ಮುಖ ನೋಡಿ ದತ್ತಾತ್ರೇಯ ಹತ್ತಿರ ಬಂದ.

"ಆಕಿಗೆ ನಮ್ಮ ಮಾತ ತಿಳಿಯಂಗಿಲ್ಲ, ಅದರಾಗ ನಿಂದೇನ ತಪ್ಪೈತಿ? ಇದು ಲೆಕ್ಕಕ್ಕಿಲ್ಲ ಬಿಡು. ಬರೂ ಐತವಾರ ಮತ್ತ ಬಿಡೂಣು. ಆಕಿ ಬ್ಯಾಡ, ಸ್ವಿಚ್ಚ ನಾನ ಹಿಡೀತೀನಿ."

ಎಷ್ಟು ಪ್ರೀತಿಯಿಂದ ಹೇಳಿದ ಪುಣ್ಯಾತ್ಮ! ಹೂಂ ಅಂದಿದ್ದರೆ ಹಡಗು ಆಕೆಯದೇ ಆಗುತ್ತಿತ್ತು. ಆದರೆ ಸ್ವಿಚ್ಚು ಅಣ್ಣನ ಕೈಗೆ ಹೋಗುತ್ತಿತ್ತು. ಬೇರೆಲ್ಲ ಆಗಲೇ ಅವನ ಕೈಯಲ್ಲಿದೆಯಲ್ಲ ಎಂದು ನೆನೆದು ಸುಹಾಸಿನಿ ರಿಮೋಟು ಕೆಳಗಿಟ್ಟಳು.

"ಬ್ಯಾಡ್ರಿ ಅಣ್ಣಾ. ಅಮೋಲಗ ಕೊಟ್ಟಬಿಡ್ರಿ."

ದತ್ತಾತ್ರೇಯನಿಗೆ ಅರ್ಥವಾಗಲಿಲ್ಲ. ತಂಗಿಗೆ ಬುದ್ಧಿ ಬಂತೆಂದು ಸಮಾಧಾನಪಟ್ಟ.

ಮಂಗಳವಾರ ಕಾರ್ಖಾನೆಯ ಬೆಂಚಿನಲ್ಲಿ ಯಾದಮ್ಮ ಉತ್ಸಾಹದಿಂದ ಕೇಳಿದಳು, ಮತ್ತೆ ಯಾವಾಗ ಬಿಡೋಣ, ಈ ಸಲ ಬೆರಳು ತೆಗೆಯುವುದಿಲ್ಲ ಎಂದು. ಮುಂದಿನ ಭಾನುವಾರ ಅಂದಳು ಸುಹಾಸಿನಿ. ಹಡಗು ಅಮೋಲನ ಗಾಜಿನ ಪೆಟ್ಟಿಗೆಯೊಳಗೆ ಹೋಗಿ ಆಗಲೇ ಒಂದು ದಿನವಾಗಿತ್ತು.