ಕಾಕು ಹೇಳಿದ ಸಿನಿಮಾ

ಸಿನಿಮಾ ನೋಡುವಾಗ ನನ್ನ ಎಡಗಿವಿ ಕಾಕು ಕೈಯಲ್ಲಿರುತ್ತಿತ್ತು. ಹಿಂಡುತ್ತಿರಲಿಲ್ಲ, ಸುಮ್ಮನೆ ಹಿಡಿದಿರುತ್ತಿದ್ದರು. ತೆರೆಯ ಮೇಲೆ ಯಾರಾದರೂ ಇಂಗ್ಲಿಷಿನಲ್ಲಿ ಬಾಯಿ ತೆರೆದ ಕೂಡಲೇ ಆ ಕಿವಿಯನ್ನು ಹತ್ತಿರಕ್ಕೆ ಎಳೆದುಕೊಂಡು ಧಾರವಾಡದ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಅವರ ಬಾಯಲ್ಲಿ ಯಾವಾಗಲೂ ಒಂದು ಏಲಕ್ಕಿ ಇರುತ್ತಿತ್ತು.

ಕಲ್ಕತ್ತೆಯ ಕ್ವಾರ್ಟರ್ಸಿನಲ್ಲಿ ನಮ್ಮದೂ ಅವರದೂ ಎದುರುಬದುರು ಮನೆ. ನಾವು ಮೈಸೂರು ಕಡೆಯವರು. ಅವರ ಯಜಮಾನರಿಗೂ ನಮ್ಮಪ್ಪನಿಗೂ ಒಂದೇ ಆಫೀಸು. ಅಪ್ಪನ ಕೆಲಸ ಲಾಂಚಿನಲ್ಲಿ ಹೂಗ್ಲಿ ನದಿಯ ಮೇಲೆ ಹೋಗಿ ಎಲ್ಲೆಲ್ಲಿ ಎಷ್ಟು ಆಳವಿದೆಯೆಂದು ಅಳೆಯುವುದು. ಹೋದರೆ ನಾಲ್ಕೈದು ದಿನ ಮನೆಗೆ ಬರುತ್ತಿರಲಿಲ್ಲ. ಧಾರವಾಡದ ಕಡೆ ಚಿಕ್ಕಮ್ಮನಿಗೆ ಕಾಕು ಅನ್ನುತ್ತಾರೆ. ಹೆಂಗಸನ್ನು ನಾವು ಹಾಗೆ ಕರೆಯುವುದನ್ನು ಕೇಳಿ ಬಂಗಾಳಿ ನೆರೆಯವರಿಗೆ ನಗು, ಅವರಲ್ಲಿ ಕಾಕು ಅಂದರೆ ಚಿಕ್ಕಪ್ಪ. "ನಗಲಿ ಬಿಡು, ಹಲ್ಲರ ಕಾಣ್ತಾವ" ಅನ್ನುತ್ತಿದ್ದರು ಕಾಕು.

ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ. ಅರ್ಧ ತಿಳಿಯುತ್ತಿತ್ತು, ಇನ್ನರ್ಧವನ್ನು ತಾವೇ ಕಟ್ಟುತ್ತಿದ್ದರು. ಅವರ ಬಾಯಲ್ಲಿ ಕಡಲುಗಳ್ಳರೆಲ್ಲ ಸೋದರಮಾವನ ಜೊತೆ ಆಸ್ತಿ ಜಗಳ ಆಡಿಕೊಂಡು ಮನೆ ಬಿಟ್ಟು ಬಂದವರು. ಮುಂದಿನ ಸೀಟಿನ ಬಾಬು ತಿರುಗಿ "ದೀದಿ, ಆಸ್ತೆ" ಎಂದರೆ ದನಿ ತಗ್ಗಿಸುತ್ತಿರಲಿಲ್ಲ, ಒಂದು ಹಿಡಿ ಝಾಲ್‌ಮುರಿ, ಅಂದರೆ ಖಾರದ ಮಂಡಕ್ಕಿ, ಅವರ ಕೈಗೆ ಸುರಿಯುತ್ತಿದ್ದರು. ಪಾಪ, ಅವರು ಅದನ್ನು ತಿನ್ನುತ್ತ ಸುಮ್ಮನಾಗುತ್ತಿದ್ದರು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ, ಶಾಲೆಯಿಂದ ಬಂದವಳನ್ನು ಮನೆಯೊಳಗೂ ಬಿಡದೆ ಸಿನಿಮಾಕ್ಕೆ ಕರೆದುಕೊಂಡು ಹೋದರು. ಕಾಡು, ನಿಧಿ, ಅದನ್ನು ಹುಡುಕಿ ಹೊರಟ ಮೂವರು ಮಕ್ಕಳು, ಅವರನ್ನು ಹೊಳೆ ದಾಟಿಸುವ ಒಬ್ಬ ಮುದುಕ ದೋಣಿಯವನು. ಪ್ರವಾಹ ಬಂದಾಗ ಅವನು ಮಕ್ಕಳನ್ನು ದಡಕ್ಕೆ ತಳ್ಳಿ ತಾನು ನೀರುಪಾಲಾದ. ಅಪ್ಪ ನದಿಯ ಮೇಲೆ ಹೋಗಿದ್ದರು. ನನ್ನ ಕಣ್ಣಿಗೆ ಕಂಡದ್ದು ಅಪ್ಪನೇ. ಕಣ್ಣು ಮುಚ್ಚಿಕೊಂಡು ಗೊಳೋ ಎಂದು ಅತ್ತೆ.

ಕಾಕು ಕಿವಿ ಎಳೆದುಕೊಂಡರು. "ಅಳಬ್ಯಾಡ ತಂಗಿ. ಅಂವಾ ಮುಳುಗಿಲ್ಲ. ಆ ಕಡೆ ದಂಡಿ ಹತ್ಯಾನ, ನಾ ನೋಡೀನಿ. ನೀ ಕಣ್ಣು ಮುಚ್ಚಿದ್ದಿ."

ಮುಚ್ಚಿದ್ದು ನಿಜ, ಹಾಗಾಗಿ ನಂಬಿದೆ. ಅವತ್ತು ಊಟವೂ ನಿದ್ದೆಯೂ ಕಾಕು ಮನೆಯಲ್ಲೇ ಆಯಿತು. ಮರುದಿನ ಅಪ್ಪ ಬಂದರು. ಆಮೇಲೆ ಅವರು ಲಾಂಚಿಗೆ ಹೊರಟಾಗ ನಾನು ಯಾವತ್ತೂ ಹೆದರಲಿಲ್ಲ. ಆ ಸಿನಿಮಾ ಟಿವಿಯಲ್ಲಿ ಎಷ್ಟೋ ಸಲ ಬಂತು. ಪ್ರವಾಹದ ನಂತರ ದೋಣಿಯವನು ಮತ್ತೆ ಕಾಣಿಸುವುದಿಲ್ಲ. ದಡ ಹತ್ತಿದವನು ತನ್ನ ಮನೆಗೆ ಹೋಗಿರುತ್ತಾನೆ ಎಂದೇ ನನ್ನ ಲೆಕ್ಕ.

ಹೋದ ವರ್ಷ ಅದರ ಮುಂದಿನ ಭಾಗ ಬಂತು. ಬಿಬಿಡಿ ಬಾಗ್‌ನಲ್ಲಿರುವ ನನ್ನ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ, ಲೇಕ್ ಗಾರ್ಡನ್ಸಿನಲ್ಲಿ ಮಗನ ಜೊತೆಗಿದ್ದ ಕಾಕುವನ್ನು ಮಾಲಿನ ಥಿಯೇಟರಿಗೆ ಕರೆದುಕೊಂಡು ಹೋದೆ. ಆ ಮೂವರು ಮಕ್ಕಳಿಗೂ ಈಗ ತಲೆ ನರೆತಿತ್ತು. ದೋಣಿಯವನು ಯಾವಾಗ ಬಂದಾನು ಎಂದು ನಾನು ಕಾಯುತ್ತಿದ್ದೆ. ಬಂದದ್ದು ಅವನ ಗೋರಿ. ಹೊಳೆಯ ದಡದಲ್ಲಿ ಮೂವರೂ ಅದರ ಮುಂದೆ ತಲೆ ತಗ್ಗಿಸಿ ನಿಂತರು. ಐವತ್ತು ದಾಟಿದ ನಾನು ಮತ್ತೆ ಕಣ್ಣು ಮುಚ್ಚಿಕೊಂಡೆ.

ಪಕ್ಕದಿಂದ ಕೈ ಬಂದು ಕಿವಿ ಹಿಡಿಯಿತು. "ಅದು ಅವಂದಲ್ಲ. ಅವರಣ್ಣಂದು."

ಹೊರಗೆ ಚಹಾ ಕುಡಿಯುತ್ತ ಕೇಳಿದೆ. "ಕಾಕು, ಅವನು ಮುಳುಗಿದ್ದು ನಿಮಗೆ ಅವತ್ತೇ ಗೊತ್ತಿತ್ತು, ಅಲ್ವಾ?"

"ಗೊತ್ತಿರಲಾರದೇನು?" ಅಂದರು. "ಅವತ್ತ ನಿಮ್ಮಪ್ಪಾರ ಲಾಂಚಿಂದು ಸುದ್ದಿನ ಇರಲಿಲ್ಲ. ಎರಡು ದಿನಾ ಆಗಿತ್ತು. ನಿಮ್ಮವ್ವ ಆಫೀಸಿನ್ಯಾಗ ಫೋನಿನ ಮುಂದ ಕುಂತಿದ್ಲು. ಹುಡುಗಿನ್ನ ಎಲ್ಲಿಗರ ಕರಕೊಂಡು ಹೋಗ್ರಿ ಅಂದ್ಲು, ನಾ ಸಿನಿಮಾಕ್ಕ ಕರಕೊಂಡು ಬಂದೆ. ಒಳಗ ನೋಡಿದ್ರ ಅಲ್ಲೂ ಹೊಳಿ, ಅಲ್ಲೂ ಮುಳುಗೋದು. ನಾ ಏನು ಹೇಳಬೇಕಿತ್ತು?"

ನನಗೆ ಇದು ಗೊತ್ತೇ ಇರಲಿಲ್ಲ. ಅಮ್ಮ ಹೇಳದೆಯೇ ತೀರಿಕೊಂಡಿದ್ದರು.

"ಈಗಲಾದರೂ ನಿಜ ಹೇಳಬಾರದಾ? ಅಣ್ಣನ ಗೋರಿ ಅಂತೀರಲ್ಲ."

"ನಿಮ್ಮಪ್ಪಾರು ಬಂದ್ರಲ್ಲ," ಅಂದರು ಕಾಕು. "ಹಂಗಾರ ಅಂವನೂ ಬಂದಂಗ."

ಮನೆಗೆ ಹೋಗಿ ಅಪ್ಪನನ್ನು ಕೇಳಿದೆ. "ಹೌದು, ಮರಳುದಿಬ್ಬಕ್ಕೆ ಸಿಕ್ಕಿಹಾಕ್ಕೊಂಡಿದ್ವಿ. ವೈರ್‌ಲೆಸ್ ಕೆಟ್ಟಿತ್ತು. ಖಿಚುಡಿ ಮಾಡ್ಕೊಂಡು ತಿಂತಾ ಕೂತಿದ್ವಿ," ಅಂದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಅಪ್ಪನಿಗೆ ಏನಾಗಿದೆಯೆಂದು ತಮಗೇ ಗೊತ್ತಿಲ್ಲದೆ, ಥಿಯೇಟರಿನ ಆ ಕತ್ತಲಲ್ಲಿ ಕೂತು, ಒಂದು ಮಗುವಿನ ಕಿವಿಯಲ್ಲಿ ದಂಡಿ ಹತ್ಯಾನ ಎಂದು ಹೇಳುವುದಕ್ಕೆ ಎಂಥ ಎದೆ ಬೇಕು. ನನ್ನ ಬಾಲ್ಯದ ಧೈರ್ಯವೆಲ್ಲ ಕಾಕು ಕೊಟ್ಟದ್ದು.

ಈ ವರ್ಷ ದುರ್ಗಾಪೂಜೆಗೆ ಮೊದಲು ಕಾಕು ಹಾಸಿಗೆ ಹಿಡಿದರು. ಕಿವಿ ಪೂರ್ತಿ ಮಂದವಾಗಿತ್ತು, ಮಾತು ಹಿಂದುಮುಂದಾಗುತ್ತಿತ್ತು. ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ದಿನ ಮುಂಚೆ, ಅವರನ್ನು ನೋಡಲೆಂದು ಅಪ್ಪನನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದೆ. ಕಾಕು ಮಗ ಕೆಳಗಿಳಿದು ಬಂದು ಅಪ್ಪನ ಕೈ ಹಿಡಿದುಕೊಂಡ. ಅಪ್ಪ ಕೋಲೂರಿಕೊಂಡು ಮೆಟ್ಟಿಲು ಹತ್ತುತ್ತಿದ್ದಂತೆ ನಾನು ಮೊದಲೇ ಒಳಗೆ ಹೋಗಿ ಕಾಕು ಪಕ್ಕ ಕೂತೆ. ಅವರ ಕಿವಿಯನ್ನು ಮೆಲ್ಲಗೆ ಹಿಡಿದು ಬಾಯಿ ಹತ್ತಿರ ತಂದೆ.

"ಕಾಕು, ಅಪ್ಪ ಬಂದಿದ್ದಾರೆ."

ಅವರು ಕಣ್ಣು ತೆರೆದರು. "ಬಂದ್ರೇನು?"

"ಬಂದ್ರು ಕಾಕು."

"ಹಂಗಾರ ಲಗೂನ ನಿಮ್ಮವ್ವಗ ಹೇಳು," ಅಂದರು. "ಪಾಪ, ಫೋನಿನ ಮುಂದ ಕುಂತಾಳ."

ಹೇಳ್ತೀನಿ ಕಾಕು, ಅಂದೆ.